ಕಂಪ್ಯೂಟರ್ ಪುಸ್ತಕ ನೋಡಿ ಆಡಿದರೆ ಅದು ಕಾಪಿ ಅಲ್ಲವೆ?

ಕಳೆದ ಚಳಿಗಾಲದಲ್ಲಿ ನಾರಾಯಣಪೇಟೆಯಲ್ಲಿ ನಡೆದ ಶಾಲಾ ಮಕ್ಕಳ ಚೆಸ್ ಪಂದ್ಯಕ್ಕೆ ನಮ್ಮ ಮಕ್ಕಳನ್ನೂ ಕರೆದುಕೊಂಡು ಹೋಗಿದ್ದೆವು. ಮಕ್ತಲ್‌ನಿಂದ, ಗದ್ವಾಲಿನಿಂದಲೂ ಮಕ್ಕಳು ಬಂದಿದ್ದರು. ತೆಲುಗು ಮಾಧ್ಯಮದವರು, ಇಂಗ್ಲಿಷ್ ಮಾಧ್ಯಮದವರು, ಅವರ ನಡುವೆ ಕನ್ನಡ ಮಾಧ್ಯಮದ ನಮ್ಮ ಐದು ಮಕ್ಕಳು. ನಮ್ಮ ಏಳನೆಯ ತರಗತಿಯ ಒಬ್ಬ ಹುಡುಗಿ ಚೆನ್ನಾಗಿ ಆಡುತ್ತಾಳೆ. ಅವಳ ಎದುರಿಗೆ ಕೂತ ಹುಡುಗ ಮೊದಲ ಹತ್ತು ನಡೆಗಳನ್ನು ಮಗ್ಗಿ ಒಪ್ಪಿಸಿದ ಹಾಗೆ ಆಡಿ ಮುಗಿಸಿದ. ಒಂದು ನಿಮಿಷವೂ ಆಗಲಿಲ್ಲ. ಇವಳು ಅದೇ ಹತ್ತು ನಡೆಗೆ ಹದಿನೈದು ನಿಮಿಷ ತೆಗೆದುಕೊಂಡಳು. ಆಮೇಲೆ ಆಟ ಇವಳ ಕಡೆಗೇ ವಾಲಿತ್ತು. ಆದರೆ ಗಡಿಯಾರ ಮುಗಿಯಿತು, ಆಟವೂ ಮುಗಿಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕೇಳಿದ ಪ್ರಶ್ನೆ ಇದು: "ಸರ್, ಆ ಹುಡುಗ ಯೋಚನೆ ಮಾಡ್ಲೇ ಇಲ್ರಿ, ಬಾಯಿಪಾಠ ಮಾಡ್ಕೊಂಡು ಬಂದಾನ. ಮೊಬೈಲ್‌ದಾಗಿನ ಕಂಪ್ಯೂಟರ್ ಸುದ್ದಾ ಶುರುವಿನ ನಡೆ ಪುಸ್ತಕ ನೋಡೇ ಆಡ್ತದಂತ. ಪರೀಕ್ಷಾದಾಗ ನಾವು ಹಂಗ ಮಾಡಿದ್ರ ನೀವು ಹೊರಗ ಕಳಸ್ತೀರಿ. ಅದು ಕಾಪಿ ಅಲ್ಲೇನ್ರಿ?" ನಾವು ಏನೋ ಸಮಾಧಾನ ಹೇಳಲು ಹೋದೆವು. ಅವಳು ಇನ್ನೊಂದು ಮಾತು ಸೇರಿಸಿದಳು: "ನಮ್ಮ ಕಡೆ ಪುಸ್ತಕಾನೇ ಇಲ್ಲ. ಮತ್ತ ಆಡೋದ್ಯಾಕ ಸರ್?"

ಈ ಎರಡನೆಯ ಮಾತು ನಮ್ಮನ್ನು ಬಹಳ ದಿನ ಕಾಡಿತು. ಪಠ್ಯಪುಸ್ತಕಗಳೇ ತಡವಾಗಿ ಬಂದ ವರ್ಷಗಳನ್ನು ಗಡಿಯ ಈಚೆಗಿನ ಕನ್ನಡ ಶಾಲೆಗಳ ನಾವೆಲ್ಲ ಕಂಡವರು. ಹಾಗಾಗಿ ಪುಸ್ತಕ ಇರುವವನಿಗೂ ಇಲ್ಲದವನಿಗೂ ಎಷ್ಟು ವ್ಯತ್ಯಾಸ ಎಂಬ ಪ್ರಶ್ನೆ ನಮಗೆ ಚೆಸ್ಸಿನದು ಮಾತ್ರ ಅಲ್ಲ. ರಜೆಯಲ್ಲಿ ಕೂತು ಈ ಚೆಸ್ ಕಂಪ್ಯೂಟರ್‌ಗಳ ಪುಸ್ತಕದ ಚರಿತ್ರೆಯನ್ನು ಓದಿದೆವು. ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಬೇರೆ ಶಾಲೆಗಳ ಮಕ್ಕಳೂ ಇದನ್ನೇ ಕೇಳುತ್ತಿರಬಹುದು.

ಮೊದಲು, ಈ ಪುಸ್ತಕ ಎಂದರೆ ಏನು? ಚೆಸ್ ಆಡುವ ಕಂಪ್ಯೂಟರ್ ಕಾರ್ಯಕ್ರಮಕ್ಕೆ ಎಂಜಿನ್ ಎನ್ನುತ್ತಾರೆ. ಎಂಜಿನ್ ತಾನಾಗಿ ಲೆಕ್ಕ ಹಾಕಿ ನಡೆ ಹುಡುಕುತ್ತದೆ. ಆದರೆ ಆಟದ ಶುರುವಿನಲ್ಲಿ ಲೆಕ್ಕ ಹಾಕುವ ಬದಲು, ಮೊದಲೇ ತುಂಬಿಟ್ಟ ಒಂದು ಪಟ್ಟಿಯನ್ನು ನೋಡುತ್ತದೆ. ಮಣೆಯ ಮೇಲೆ ಕಾಯಿಗಳು ಹೀಗಿದ್ದರೆ ಈ ನಡೆ, ಹಾಗಿದ್ದರೆ ಆ ನಡೆ ಎಂಬ ಪಟ್ಟಿ. ಅದಕ್ಕೆ 'ಆರಂಭದ ಪುಸ್ತಕ' ಎಂದು ಹೆಸರು. ಮೊಬೈಲಿನಲ್ಲಿ ಆಡುವಾಗ ಮೊದಲ ಎಂಟು ಹತ್ತು ನಡೆ ಥಟ್ಟನೆ ಬಂದು, ಆಮೇಲೆ ಯಂತ್ರ ಒಮ್ಮೆಲೇ ನಿಧಾನವಾದರೆ, ಪುಸ್ತಕ ಮುಗಿದು ಸ್ವಂತ ಲೆಕ್ಕ ಶುರುವಾಯಿತು ಎಂದು ತಿಳಿಯಬಹುದು.

ಪಟ್ಟಿ ಯಾಕೆ ಬೇಕಾಯಿತು ಎಂಬುದಕ್ಕೆ ಒಂದು ಗಣಿತ. ಬಿಳಿಯವರ ಮೊದಲ ನಡೆಗೆ 20 ದಾರಿ. ಕಪ್ಪಿನವರಿಗೂ 20. ಅಂದರೆ ಇಬ್ಬರೂ ಒಂದೊಂದು ನಡೆ ಆಡಿದಾಗಲೇ 400 ಬಗೆ. ಬಿಳಿಯವರು ಇನ್ನೊಂದು ಆಡಿದರೆ 8,902. ಕಪ್ಪಿನವರೂ ಎರಡನೆಯದನ್ನು ಆಡಿದರೆ 1,97,281. ಎಂಟನೆಯ ತರಗತಿಯ ಮಕ್ಕಳಿಗೆ ಇದನ್ನು ಹಲಗೆಯ ಮೇಲೆ ಬರೆದು ತೋರಿಸಿದೆವು. "ಐದನೇದು?" ಎಂದು ಒಬ್ಬ ಕೇಳಿದ. 48,65,609 ಎಂದಾಗ ತರಗತಿ ನಕ್ಕಿತು. ಆರಂಭದಲ್ಲಿ ಮಾಡಿದ ತಪ್ಪಿಗೆ ಪೆಟ್ಟು ಬೀಳುವುದು ಎಷ್ಟೋ ಸಲ ಹದಿನೈದು ಇಪ್ಪತ್ತು ನಡೆಗಳ ನಂತರ. ಅಷ್ಟು ದೂರ ನೋಡುವ ಶಕ್ತಿ ಹಳೆಯ ಯಂತ್ರಗಳಿಗೆ ಇರಲಿಲ್ಲ.

ಯಂತ್ರಗಳ ಮಾತಿಗೆ ಹೋಗುವ ಮುಂಚೆ ನಮ್ಮ ಹಿರಿಯರ ಆಟದ ಬಗ್ಗೆ ಸ್ವಲ್ಪ. ನಾವು ಚಿಕ್ಕವರಿದ್ದಾಗ ಊರ ಕಟ್ಟೆಯ ಮೇಲೆ ಆಡುತ್ತಿದ್ದ ಚದುರಂಗದಲ್ಲಿ ರಾಣಿ ಎಂಬುವಳು ಇರಲಿಲ್ಲ, ವಜೀರ ಇದ್ದ. ರಾಜನಿಗೆ ಪೆಟ್ಟು ಕೊಡುವಾಗ 'ಶಹ' ಎನ್ನುತ್ತಿದ್ದರು. ಪ್ಯಾದೆ ಯಾವಾಗಲೂ ಒಂದೇ ಮನೆ. ಈಗಿನ ಹಾಗೆ ಮೊದಲ ಸಲ ಎರಡು ಮನೆ ಹಾರುವುದು ಇಲ್ಲ. ರಾಜ ಒಂದೇ ಒಂದು ಸಲ ಕುದುರೆಯ ಹಾಗೆ ಜಿಗಿಯಬಹುದಿತ್ತು. ದೇಶಿ ಚದುರಂಗದ ಕೆಲವು ಬಗೆಗಳಲ್ಲಿ ಆಟ ಶುರುವಾಗುವಾಗ ಒಬ್ಬೊಬ್ಬರೂ ಒಟ್ಟಿಗೇ ಹಲವು ನಡೆಗಳನ್ನು ಇಟ್ಟುಬಿಡುವ ರೂಢಿಯೂ ಇತ್ತು. ಯೋಚನೆ ಮಾಡಿ ನೋಡಿ, ಅದೂ ಒಂದು ಬಗೆಯ ಆರಂಭದ ಪುಸ್ತಕವೇ. ಕಾಗದದ ಮೇಲೆ ಇರಲಿಲ್ಲ ಅಷ್ಟೆ. ಶುರುವಿನ ಭಾಗ ಎಲ್ಲರಿಗೂ ಗೊತ್ತಿದ್ದದ್ದೇ, ಅದಕ್ಕೆ ಹೊತ್ತು ಕಳೆಯುವುದು ಬೇಡ ಎಂದು ಊರೇ ಒಪ್ಪಿಕೊಂಡಂತೆ.

ಹಳೆಯ ಅರಬ್ಬರು ಇದನ್ನು ಬರೆದೇ ಇಟ್ಟಿದ್ದರು. ಒಂಬತ್ತನೆಯ ಶತಮಾನದ ಅಲ್ ಅದ್ಲಿ, ಅವನ ನಂತರದ ಅಸ್ ಸೂಲಿ ಎಂಬ ಆಟಗಾರರು ಚೆಸ್ ಮೇಲೆ ಗ್ರಂಥ ಬರೆದವರು. ಆಗಿನ ಆಟ ಬಹಳ ನಿಧಾನದ್ದು. ಹತ್ತು ಹನ್ನೆರಡು ನಡೆಗಳಲ್ಲಿ ಸೈನ್ಯವನ್ನು ಯಾವ ಆಕಾರದಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ಅವರು 'ತಾಬಿಯಾ' ಎನ್ನುತ್ತಿದ್ದರು. ಒಂದೊಂದು ಆಕಾರಕ್ಕೆ ಒಂದೊಂದು ಹೆಸರು. ನಮ್ಮ ಈ ಸೀಮೆಯನ್ನೂ ಆಳಿದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರ ಬರೆಸಿದ 'ಮಾನಸೋಲ್ಲಾಸ'ದಲ್ಲೂ ಚದುರಂಗದ ವಿವರಣೆ ಇದೆ, ಇಬ್ಬರ ಆಟವೂ ನಾಲ್ವರ ಆಟವೂ. ಅದು 1129ರ ಸುಮಾರಿನ ಸಂಸ್ಕೃತ ಗ್ರಂಥ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ (1794-1868) ಚದುರಂಗದ ಹುಚ್ಚು ಎಷ್ಟಿತ್ತೆಂದರೆ 'ಚತುರಂಗ ಸಾರಸರ್ವಸ್ವ' ಎಂಬ ಕೃತಿಯೇ ಅವರ ಹೆಸರಿನಲ್ಲಿದೆ. ಆದರೆ ಅವರ ಮನಸ್ಸು ಇದ್ದದ್ದು ಕುದುರೆಯ ಮೇಲೆ, ಒಮ್ಮೆ ತುಳಿದ ಮನೆಯನ್ನು ಮತ್ತೆ ತುಳಿಯದೆ 64 ಮನೆಯನ್ನೂ ಸುತ್ತುವ ಒಗಟಿನ ಮೇಲೆ. ಶುರುವಿನ ನಡೆಗಳ ಶಾಸ್ತ್ರ ಬೆಳೆದದ್ದು ಯೂರೋಪಿನಲ್ಲಿ. ಪ್ಯಾದೆಗೆ ಎರಡು ಮನೆ, ರಾಣಿಗೆ ಇಡೀ ಮಣೆ ಸಿಕ್ಕಮೇಲೆ ಆಟ ಚುರುಕಾಯಿತು, ಐದಾರು ನಡೆಗಳಲ್ಲೇ ರಾಜ ಸಾಯುವ ಅಪಾಯ ಬಂತು, ಹಾಗಾಗಿ ಪುಸ್ತಕಗಳೂ ಬಂದವು. ಸ್ಪೇನಿನ ಲುಸೇನಾ 1497ರಲ್ಲಿ ಅಚ್ಚು ಹಾಕಿಸಿದ ಪುಸ್ತಕ ಈಗ ಉಳಿದಿರುವ ಅಚ್ಚಾದ ಚೆಸ್ ಪುಸ್ತಕಗಳಲ್ಲಿ ಹಳೆಯದು.

(ಅಂದ ಹಾಗೆ, ಗದ್ವಾಲಿನ ಮಕ್ಕಳು ನಮ್ಮವರಲ್ಲ ಎಂದು ನಮ್ಮ ಹುಡುಗರು ಬಸ್ಸಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. 1956ರ ನವೆಂಬರ್ 1ರವರೆಗೆ ಗದ್ವಾಲ, ಆಲಂಪುರ ತಾಲೂಕುಗಳು ಇದ್ದದ್ದು ರಾಯಚೂರು ಜಿಲ್ಲೆಯಲ್ಲೇ. ಮಕ್ತಲ್ ಆಗಲೂ ಮಹಬೂಬನಗರದಲ್ಲಿತ್ತು. ನಾರಾಯಣಪೇಟೆ ಜಿಲ್ಲೆಯಾದದ್ದು 2019ರಲ್ಲಿ. ಗೆರೆಗಳು ಬದಲಾಗುತ್ತಲೇ ಇರುತ್ತವೆ. ಇರಲಿ.)

ಈಗ ಯಂತ್ರಗಳಿಗೆ ಬರೋಣ. ಕಂಪ್ಯೂಟರ್ ವಿಜ್ಞಾನದ ಹಿರಿಯ ಅಲನ್ ಟ್ಯೂರಿಂಗ್ ಚೆಸ್ ಆಡುವ ಒಂದು ವಿಧಾನವನ್ನು ಕಾಗದದ ಮೇಲೆ ಬರೆದರು. ಅದನ್ನು ಓಡಿಸುವ ಕಂಪ್ಯೂಟರೇ ಆಗ ಇರಲಿಲ್ಲ. 1952ರಲ್ಲಿ ಟ್ಯೂರಿಂಗ್ ತಾವೇ ಕಂಪ್ಯೂಟರ್ ಆಗಿ ಕೂತು, ಒಂದೊಂದು ನಡೆಗೂ ಕೈಯಲ್ಲಿ ಲೆಕ್ಕ ಹಾಕಿ, ಅಲಿಕ್ ಗ್ಲೆನಿ ಎಂಬ ಸಹೋದ್ಯೋಗಿಯ ಜೊತೆ ಆಡಿದರು. ಪುಸ್ತಕ ಇಲ್ಲ, ಬರೀ ಲೆಕ್ಕ. 29 ನಡೆಗಳಲ್ಲಿ ಸೋತಿತು. 2012ರಲ್ಲಿ ಅದೇ ವಿಧಾನವನ್ನು ನಿಜವಾದ ಕಂಪ್ಯೂಟರಿಗೆ ಹಾಕಿ ಕಾಸ್ಪರೋವ್ ಎದುರಿಗೆ ಇಟ್ಟರು. 16 ನಡೆಗಳಲ್ಲಿ ಮುಗಿಯಿತು. ಅಮೆರಿಕದ ಕ್ಲಾಡ್ ಶಾನನ್ 1950ರಲ್ಲೇ ಬರೆದ ಪ್ರಸಿದ್ಧ ಲೇಖನದಲ್ಲಿ, ಗೊತ್ತಿರುವ ಆರಂಭಗಳನ್ನು ಯಂತ್ರದ ನೆನಪಿನಲ್ಲಿ ತುಂಬಿಡಬಹುದು ಎಂದು ಸೂಚಿಸಿದ್ದರು. ಅದನ್ನು ಹೆಸರಾಗುವಂತೆ ಮಾಡಿ ತೋರಿಸಿದ್ದು ಎಂಐಟಿಯ ರಿಚರ್ಡ್ ಗ್ರೀನ್‌ಬ್ಲಾಟ್ ಬರೆದ 'ಮ್ಯಾಕ್ ಹ್ಯಾಕ್'. 1967ರಲ್ಲಿ ಮನುಷ್ಯರ ಪಂದ್ಯಾವಳಿಯಲ್ಲಿ ಕೂತು ಆಡಿದ ಮೊದಲ ಕಾರ್ಯಕ್ರಮ ಅದು. ಅದಕ್ಕೆ ಆರಂಭದ ನಡೆಗಳನ್ನು ತುಂಬಿದವರಲ್ಲಿ ಆಗ ಅಲ್ಲೇ ಓದುತ್ತಿದ್ದ ಲ್ಯಾರಿ ಕೌಫ್‌ಮನ್ ಎಂಬ ವಿದ್ಯಾರ್ಥಿಯೂ ಒಬ್ಬ. ಆತ ಮುಂದೆ ಸ್ವತಃ ಗ್ರ್ಯಾಂಡ್‌ಮಾಸ್ಟರ್ ಆದ.

ನಮಗೆ ಬಹಳ ಇಷ್ಟವಾದದ್ದು ಇದರ ಮುಂದಿನ ಕಥೆ. ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಎಂಬುವರಿದ್ದರು. ಯೂನಿಕ್ಸ್ ಎಂಬ ವ್ಯವಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರು ಎಂದರೆ ಕಂಪ್ಯೂಟರ್ ಕಲಿತವರಿಗೆ ಗೊತ್ತಾಗುತ್ತದೆ. ಅವರೂ ಜೋ ಕಾಂಡನ್ ಎಂಬುವರೂ ಸೇರಿ 'ಬೆಲ್' ಎಂಬ ಚೆಸ್ ಯಂತ್ರವನ್ನೇ ಕಟ್ಟಿದರು. ಸೆಕೆಂಡಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಸ್ಥಿತಿಗಳನ್ನು ನೋಡುವ ಯಂತ್ರ. ಅಷ್ಟಿದ್ದರೂ ಶುರುವಿನಲ್ಲಿ ಎಡವುತ್ತಿತ್ತು. ಆಗ ಯುಗೋಸ್ಲಾವಿಯದ ಬೆಲ್‌ಗ್ರೇಡಿನಿಂದ ಚೆಸ್ ಆರಂಭಗಳ ವಿಶ್ವಕೋಶ ಐದು ಸಂಪುಟಗಳಲ್ಲಿ ಬರುತ್ತಿತ್ತು, ಆರಂಭಗಳನ್ನೆಲ್ಲ 500 ಗುಂಪುಗಳಾಗಿ ಹಂಚಿದ ದಪ್ಪ ಪುಸ್ತಕಗಳು. ಥಾಂಪ್ಸನ್ ಏನು ಮಾಡಿದರು ಗೊತ್ತೆ? ದಿನಕ್ಕೆ ಒಂದು ಗಂಟೆಯಂತೆ ಮೂರು ವರ್ಷ ಕೂತು ಆ ಪುಸ್ತಕಗಳನ್ನು ಕೈಯಾರೆ ಟೈಪ್ ಮಾಡಿದರು! ಸುಮಾರು 3 ಲಕ್ಷ ನಡೆಗಳು. ಗಂಟೆಗೆ 270ರ ಹತ್ತಿರ, ನಿಮಿಷಕ್ಕೆ ನಾಲ್ಕೂವರೆ. ಈ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸಿದೆವು. ನಮ್ಮ ಹುಡುಗಿ ಆಗ ಸ್ವಲ್ಪ ಮೆತ್ತಗಾದಳು. "ಅಷ್ಟು ಬರದಾನಂದ್ರ ಕಾಪಿ ಅನ್ನಾಕ ಬರಂಗಿಲ್ಲ ಬಿಡ್ರಿ" ಎಂದಳು. ಕಾಪಿ ಬರೆದು ಬೆರಳು ನೋಯಿಸಿಕೊಂಡ ಮಕ್ಕಳಿಗೆ ಅದರ ಬೆಲೆ ಗೊತ್ತು.

ಬೆಲ್ 1980ರಲ್ಲಿ ಆಸ್ಟ್ರಿಯದ ಲಿಂಜ್‌ನಲ್ಲಿ ಕಂಪ್ಯೂಟರ್‌ಗಳ ವಿಶ್ವ ಚಾಂಪಿಯನ್ ಆಯಿತು. 1983ರಲ್ಲಿ ಅಮೆರಿಕದ ಚೆಸ್ ಸಂಸ್ಥೆಯಿಂದ ಮಾಸ್ಟರ್ ಪದವಿ ಪಡೆಯಿತು. ಯಂತ್ರವೊಂದಕ್ಕೆ ಆ ಪದವಿ ಸಿಕ್ಕಿದ್ದು ಅದೇ ಮೊದಲು. ನಡುವೆ 1982ರಲ್ಲಿ ಮಾಸ್ಕೋದ ಪ್ರದರ್ಶನಕ್ಕೆಂದು ಹೊರಟಾಗ ನ್ಯೂಯಾರ್ಕ್ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ಅದನ್ನು ಹಿಡಿದಿಟ್ಟುಕೊಂಡರು, ಸೋವಿಯತ್ತಿಗೆ ತಂತ್ರಜ್ಞಾನ ಸಾಗಿಸುತ್ತಿದ್ದಾರೆಂದು. ಗಡಿಯ ತಾಪತ್ರಯ ಚೆಸ್ ಯಂತ್ರಕ್ಕೂ ತಪ್ಪಲಿಲ್ಲ ನೋಡಿ.

ಪುಸ್ತಕದಿಂದ ಯಂತ್ರಕ್ಕೆ ಬಲ ಬರುವುದು ಹೇಗೆ? ನಮಗೆ ತಿಳಿದ ಮಟ್ಟಿಗೆ ಹೇಳುತ್ತೇವೆ. ಮೊದಲನೆಯದು ಸಮಯ. ಪಂದ್ಯದ ಗಡಿಯಾರದಲ್ಲಿ ಹತ್ತು ಹದಿನೈದು ನಡೆ ಪುಕ್ಕಟೆ ಸಿಕ್ಕರೆ, ಉಳಿಸಿದ ಹೊತ್ತನ್ನು ಕಷ್ಟದ ಜಾಗದಲ್ಲಿ ಖರ್ಚು ಮಾಡಬಹುದು. ನಾರಾಯಣಪೇಟೆಯಲ್ಲಿ ನಮ್ಮ ಹುಡುಗಿ ಸೋತದ್ದು ಇಲ್ಲೇ. ಇದಕ್ಕಿಂತ ದೊಡ್ಡದು, ಯಂತ್ರದ ಕಣ್ಣಿಗೆ ಕಾಣದಷ್ಟು ದೂರದ ಫಲವನ್ನು ಪುಸ್ತಕ ಹೇಳಿಕೊಡುತ್ತದೆ. ನೂರು ವರ್ಷ ಸಾವಿರಾರು ಜನ ಆಡಿ, ಸೋತು, ಬರೆದಿಟ್ಟದ್ದರ ಸಾರ ಅದರಲ್ಲಿದೆ. ಮತ್ತೊಂದು ವಿಷಯ ನಮಗೆ ಹೊಳೆದೇ ಇರಲಿಲ್ಲ. ಪುಸ್ತಕ ಇಲ್ಲದ ಹಳೆಯ ಯಂತ್ರ ಒಂದೇ ಸ್ಥಿತಿಗೆ ಒಂದೇ ಉತ್ತರ ಕೊಡುತ್ತಿತ್ತು. ಒಮ್ಮೆ ಅದನ್ನು ಸೋಲಿಸಿದವನು ಅದೇ ಆಟವನ್ನು ಮರುದಿನ ಆಡಿದರೆ ಮತ್ತೆ ಅಲ್ಲೇ ಸೋಲುತ್ತಿತ್ತು! ಪುಸ್ತಕದಲ್ಲಿ ಒಂದು ಸ್ಥಿತಿಗೆ ಎರಡು ಮೂರು ನಡೆ ಇಟ್ಟು, ಯಾವುದೋ ಒಂದನ್ನು ಆರಿಸುವಂತೆ ಮಾಡಿ ಇದನ್ನು ತಪ್ಪಿಸಿದರು.

ಕೇಡೂ ಉಂಟು. ಪುಸ್ತಕ ಮುಗಿದ ಜಾಗದಲ್ಲಿ ಯಂತ್ರ ತಬ್ಬಿಬ್ಬಾಗುತ್ತಿತ್ತು. ಅಲ್ಲಿಯವರೆಗೆ ಯಾವ ಉದ್ದೇಶದಿಂದ ಕಾಯಿಗಳನ್ನು ನಡೆಸಲಾಗಿತ್ತು ಎಂಬುದು ಅದಕ್ಕೆ ಗೊತ್ತಿಲ್ಲವಲ್ಲ. ಚೆನ್ನಾಗಿ ನಿಂತಿದ್ದ ಕುದುರೆಯನ್ನು ಹಿಂದಕ್ಕೆ ತಂದು ಲಾಯದಲ್ಲಿ ಕಟ್ಟುತ್ತಿತ್ತು. ಪ್ರಬಂಧ ಬಾಯಿಪಾಠ ಮಾಡಿ ಬಂದ ಮಗು ನಡುವೆ ಒಂದು ಸಾಲು ಮರೆತರೆ ಏನಾಗುತ್ತದೆ ಎಂದು ನಾವು ಶಿಕ್ಷಕರಿಗೆ ಬೇರೆ ಹೇಳಬೇಕಿಲ್ಲ. ಟೈಪ್ ಮಾಡುವಾಗ ಆದ ಒಂದು ತಪ್ಪು, ಮೂಲ ಪುಸ್ತಕದಲ್ಲೇ ಇದ್ದ ಒಂದು ತಪ್ಪು ತೀರ್ಮಾನ, ಯಾವುದನ್ನೂ ಯಂತ್ರ ಪ್ರಶ್ನಿಸುವುದಿಲ್ಲ, ನೋಡಿದ್ದನ್ನು ಆಡಿಬಿಡುತ್ತದೆ.

ಇದೆಲ್ಲ ಒಟ್ಟಿಗೆ ಕಾಣುವುದು 1997ರಲ್ಲಿ. ಐಬಿಎಂ ಕಂಪನಿಯ 'ಡೀಪ್ ಬ್ಲೂ' ಯಂತ್ರ ಮತ್ತು ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ನಡುವೆ ನ್ಯೂಯಾರ್ಕಿನಲ್ಲಿ ಆರು ಆಟ. (ಈ ಯಂತ್ರದ ಪೂರ್ವಜ 'ಡೀಪ್ ಥಾಟ್' ಅನ್ನು ಕಟ್ಟಿದ ತಂಡದಲ್ಲಿ ಥಾಮಸ್ ಅನಂತರಾಮನ್ ಎಂಬ ಭಾರತೀಯರೂ ಇದ್ದರು.) ಡೀಪ್ ಬ್ಲೂ ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿ ನೋಡುತ್ತಿತ್ತು. ಆದರೂ ಅದರ ಆರಂಭದ ಪುಸ್ತಕಕ್ಕಾಗಿ ಜೋಯೆಲ್ ಬೆಂಜಮಿನ್, ಮಿಗುಯೆಲ್ ಇಲ್ಲೆಸ್ಕಾಸ್ ಮುಂತಾದ ಗ್ರ್ಯಾಂಡ್‌ಮಾಸ್ಟರ್‌ಗಳನ್ನು ಇಟ್ಟುಕೊಂಡಿದ್ದರು. ಕೈಯಿಂದ ತುಂಬಿದ ಪುಸ್ತಕ ಚಿಕ್ಕದು, ಸುಮಾರು 4,000 ಸ್ಥಿತಿಗಳು. ಅದಲ್ಲದೆ 7 ಲಕ್ಷ ಆಟಗಳಿಂದ ತೆಗೆದ ಇನ್ನೊಂದು ದೊಡ್ಡ ಸಂಗ್ರಹ ಇತ್ತು. ಅದು 'ಇದನ್ನೇ ಆಡು' ಎನ್ನುತ್ತಿರಲಿಲ್ಲ. 'ಒಳ್ಳೆಯ ಆಟಗಾರರು ಇಲ್ಲಿ ಇದನ್ನು ಆಡಿದ್ದಾರೆ, ಗಮನಿಸು' ಎಂಬಷ್ಟು ಸುಳಿವು ಮಾತ್ರ ಕೊಡುತ್ತಿತ್ತು. ಉಳಿದ ಲೆಕ್ಕ ಯಂತ್ರದ್ದೇ. ಪುಸ್ತಕವನ್ನು ಹೀಗೆ ಬಳಸುವುದು ನಮಗೆ ಬಹಳ ಹಿಡಿಸಿತು.

ಕಾಸ್ಪರೋವ್‌ಗೆ ಈ ಪುಸ್ತಕದ ಭಯ ಇತ್ತು. ಮೂರನೆಯ ಆಟದಲ್ಲಿ ಅವರು ರಾಣಿಯ ಮುಂದಿನ ಪ್ಯಾದೆಯನ್ನು ಒಂದೇ ಮನೆ ಸರಿಸಿ ಶುರು ಮಾಡಿದರು. ವಿಶ್ವ ಚಾಂಪಿಯನ್ನರು ಯಾರೂ ಹಾಗೆ ಆಡುವುದಿಲ್ಲ. ಯಂತ್ರವನ್ನು ಪುಸ್ತಕದಿಂದ ಹೊರಗೆ ಎಳೆಯುವುದಷ್ಟೇ ಉದ್ದೇಶ. ಆಟ ಸಮವಾಯಿತು. 1997ರ ಮೇ 11ರಂದು ಆರನೆಯ ಆಟ, ಅಷ್ಟರಲ್ಲಿ ಇಬ್ಬರೂ ಎರಡೂವರೆ ಅಂಕಗಳಲ್ಲಿ ಸಮ. ಕಾಸ್ಪರೋವ್ 'ಕಾರೋ-ಕಾನ್' ಎಂಬ ಆರಂಭ ಆಡಿದರು. ಏಳನೆಯ ನಡೆಯಲ್ಲಿ ಎಚ್ ಸಾಲಿನ ಪ್ಯಾದೆಯನ್ನು ಒಂದು ಮನೆ ಮುಂದಿಟ್ಟರು. ತಕ್ಷಣ ಡೀಪ್ ಬ್ಲೂ ತನ್ನ ಕುದುರೆಯನ್ನು ಇ6 ಮನೆಯಲ್ಲಿ ಬಲಿಕೊಟ್ಟಿತು. ಒಂದು ಕುದುರೆ ಕೊಟ್ಟು ಎದುರಾಳಿಯ ರಾಜನನ್ನು ಬಯಲಿಗೆ ತರುವ ನಡೆ. ಆ ಕಾಲದ ಯಂತ್ರಗಳು ತಾವಾಗಿ ಲೆಕ್ಕ ಹಾಕಿ ಅಂಥ ಬಲಿ ಕೊಡುತ್ತಿರಲಿಲ್ಲ, ಕಾಯಿ ಕಳೆದುಕೊಳ್ಳುವುದೆಂದರೆ ಅವಕ್ಕೆ ಆಗದು. ಕಾಸ್ಪರೋವ್ ನಂಬಿದ್ದೂ ಅದನ್ನೇ. ಆದರೆ ಆ ನಡೆ ಪುಸ್ತಕದಲ್ಲಿತ್ತು. ಅದೂ ಅದೇ ದಿನ ಬೆಳಿಗ್ಗೆ ಸೇರಿಸಿದ್ದು ಎಂದು ಇಲ್ಲೆಸ್ಕಾಸ್ 2009ರ ಒಂದು ಸಂದರ್ಶನದಲ್ಲಿ ಹೇಳಿದರು. 19 ನಡೆಗಳಲ್ಲಿ ಕಾಸ್ಪರೋವ್ ಆಟ ಬಿಟ್ಟುಕೊಟ್ಟರು. ಪತ್ರಿಕೆಗಳೆಲ್ಲ ಯಂತ್ರ ಮನುಷ್ಯನನ್ನು ಸೋಲಿಸಿತು ಎಂದು ಬರೆದವು. ಆ ಕೊನೆಯ ಆಟದಲ್ಲಾದರೂ ದೊಡ್ಡ ಪೆಟ್ಟು ಕೊಟ್ಟದ್ದು ಮನುಷ್ಯರು ಬರೆದಿಟ್ಟ ಒಂದು ಸಾಲು ಎಂಬುದು ನಮ್ಮ ಅಭಿಪ್ರಾಯ.

ಇಷ್ಟು ಓದಿದಾಗ ಪುಸ್ತಕ ಇಲ್ಲದವನ ಗತಿ ಮುಗಿಯಿತು ಎನ್ನಿಸುತ್ತದೆ. ಹಾಗಿದ್ದರೆ ಮೀರ್ ಸುಲ್ತಾನ್ ಖಾನ್ ಕಥೆ ಕೇಳಿ. ಪಂಜಾಬಿನ ಮಿಠಾ ಟಿವಾನಾ ಎಂಬ ಊರಿನವರು. ಆ ಊರು ಈಗ ಪಾಕಿಸ್ತಾನದಲ್ಲಿದೆ. ಕಲಿತದ್ದು ನಮ್ಮ ಹಿರಿಯರು ಆಡುತ್ತಿದ್ದಂಥ ದೇಶಿ ಚದುರಂಗ. ಸರ್ ಉಮರ್ ಹಯಾತ್ ಖಾನ್ ಎಂಬ ಜಮೀನ್ದಾರರು ಅವರನ್ನು 1929ರಲ್ಲಿ ಲಂಡನ್ನಿಗೆ ಕರೆದುಕೊಂಡು ಹೋದರು. ಇಂಗ್ಲಿಷಿನ ಚೆಸ್ ಪುಸ್ತಕ ಓದಿ ಆರಂಭ ಕಲಿತವರಲ್ಲ. ಅಕ್ಷರವೇ ಬರುತ್ತಿರಲಿಲ್ಲ ಎಂದು ಬರೆದವರುಂಟು, ಅವರ ಮನೆಯವರು ಅದನ್ನು ಒಪ್ಪುವುದಿಲ್ಲ. ಶುರುವಿನ ನಡೆಗಳಲ್ಲಿ ಅವರು ಮತ್ತೆ ಮತ್ತೆ ಕಷ್ಟಕ್ಕೆ ಸಿಕ್ಕಿಬೀಳುತ್ತಿದ್ದರು. ಆಮೇಲೆ ನಡು ಆಟದಲ್ಲಿ, ಕೊನೆಯ ಆಟದಲ್ಲಿ ತಾಳ್ಮೆಯಿಂದ ಎದ್ದು ಬರುತ್ತಿದ್ದರು. ಅದೇ 1929ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. 1932, 1933ರಲ್ಲಿ ಮತ್ತೆ ಆದರು. 1930-31ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಅವರನ್ನೇ ಸೋಲಿಸಿದರು. 1933ರ ಕೊನೆಗೆ ಊರಿಗೆ ಮರಳಿದರು, ಮತ್ತೆ ಆ ಪಂದ್ಯಗಳಿಗೆ ಹೋಗಲಿಲ್ಲ. 1966ರಲ್ಲಿ ತೀರಿಕೊಂಡರು. ವಿಶ್ವ ಚೆಸ್ ಸಂಸ್ಥೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟದ್ದು 2024ರಲ್ಲಿ!

ಇನ್ನೂ ಹಿಂದಕ್ಕೆ ಹೋದರೆ ಕಲ್ಕತ್ತೆಯ ಮಹೇಶಚಂದ್ರ ಬ್ಯಾನರ್ಜಿ. ಹತ್ತೊಂಬತ್ತನೆಯ ಶತಮಾನದ ನಡುವೆ ಜಾನ್ ಕಾಕ್ರೇನ್ ಎಂಬ ಸ್ಕಾಟ್ಲೆಂಡಿನ ವಕೀಲರ ಜೊತೆ ನೂರಾರು ಆಟ ಆಡಿದವರು. ಪ್ಯಾದೆ ಒಂದೇ ಮನೆ ನಡೆಯುವ ದೇಶಿ ಆಟದ ಅಭ್ಯಾಸದಿಂದ ಬಂದವರು. ಪ್ಯಾದೆಗಳನ್ನು ಮೆಲ್ಲಗೆ ಸರಿಸಿ, ಒಂಟೆಯನ್ನು ಮೂಲೆಯ ಹತ್ತಿರ ನಿಲ್ಲಿಸಿ ದೂರದಿಂದ ಗುರಿ ಇಡುತ್ತಿದ್ದರು. ಯೂರೋಪಿನ ಪುಸ್ತಕಗಳ ಪ್ರಕಾರ ಅದು ಹಳ್ಳಿ ಆಟ, ಮಣೆಯ ನಡುವನ್ನು ಬಿಟ್ಟುಕೊಡುವ ಆಟ. ಕಾಕ್ರೇನ್ ಬರೆದಿಟ್ಟ ಆಟಗಳ ಮೂಲಕ ಅದು ಹೊರಗೆ ಹೋಯಿತು. ಇಪ್ಪತ್ತನೆಯ ಶತಮಾನದಲ್ಲಿ ಅದೇ ಬಗೆಯ ಆರಂಭಗಳಿಗೆ 'ಇಂಡಿಯನ್ ಡಿಫೆನ್ಸ್' ಎಂದು ಹೆಸರಾಯಿತು. ಕಿಂಗ್ಸ್ ಇಂಡಿಯನ್, ಕ್ವೀನ್ಸ್ ಇಂಡಿಯನ್ ಎಂದು ಇವತ್ತು ಚೆಸ್ ಪುಸ್ತಕಗಳಲ್ಲಿ ಅಧ್ಯಾಯಗಟ್ಟಲೆ ಇದೆಯಲ್ಲ, ಆ ಹೆಸರಿನ ಮೂಲ ಇದು. ಥಾಂಪ್ಸನ್ ಮೂರು ವರ್ಷ ಕೂತು ಟೈಪ್ ಮಾಡಿದ ಐದು ಸಂಪುಟಗಳಲ್ಲಿ ಒಂದು ಪೂರ್ತಿ ಸಂಪುಟಕ್ಕೆ ಇಂಡಿಯನ್ ಆರಂಭಗಳದೇ ದೊಡ್ಡ ಪಾಲು. ನಮ್ಮ ಹುಡುಗಿಗೆ ಇದನ್ನು ಹೇಳಿದಾಗ ನಂಬಲಿಲ್ಲ. ನಕ್ಷೆ ತೆಗೆದು ಕಲ್ಕತ್ತೆಯನ್ನು ತೋರಿಸಿ, ಮಣೆ ಇಟ್ಟು ನಡೆಗಳನ್ನು ತೋರಿಸಬೇಕಾಯಿತು. "ನಮ್ಮಜ್ಜ ಹಿಂಗೇ ಆಡ್ತಿದ್ದ" ಎಂದಳು.

ಯಂತ್ರಗಳಲ್ಲೂ ಒಂದು ಸುಲ್ತಾನ್ ಖಾನ್ ಬಂತು. ಡೀಪ್‌ಮೈಂಡ್ ಕಂಪನಿಯ 'ಆಲ್ಫಾಝೀರೋ'. ಅದಕ್ಕೆ ಆಟದ ನಿಯಮ ಮಾತ್ರ ಕೊಟ್ಟರು. ಪುಸ್ತಕ ಇಲ್ಲ, ಮನುಷ್ಯರು ಆಡಿದ ಒಂದು ಆಟವನ್ನೂ ತೋರಿಸಲಿಲ್ಲ. ತನ್ನ ಜೊತೆ ತಾನೇ ಲಕ್ಷಗಟ್ಟಲೆ ಆಟ ಆಡಿ ಕೆಲವೇ ಗಂಟೆಗಳಲ್ಲಿ ಕಲಿಯಿತು. (ಅದರ ಹಿಂದೆ ಸಾವಿರಾರು ವಿಶೇಷ ಚಿಪ್‌ಗಳು ದುಡಿದಿದ್ದವು ಎಂಬುದನ್ನೂ ಹೇಳಬೇಕು, ಅದು ಬಡವರ ಮನೆಯ ಮಗು ಅಲ್ಲ.) ಮೂಲೆಯ ಪ್ಯಾದೆಯನ್ನು ಮುನ್ನುಗ್ಗಿಸುವ ಅದರ ಅಭ್ಯಾಸವನ್ನು ಆಮೇಲೆ ದೊಡ್ಡ ಆಟಗಾರರು ಅನುಸರಿಸಿದರು. ಅದು ಕಲಿಯುವಾಗ ಮನುಷ್ಯರ ಆರಂಭಗಳನ್ನು ತಾನೇ ಒಂದೊಂದಾಗಿ ಕಂಡುಕೊಂಡಿತು. ಕಾಸ್ಪರೋವ್ ಸೋತ ಕಾರೋ-ಕಾನ್ ಆರಂಭವನ್ನು ಕೆಲಕಾಲ ಹೆಚ್ಚಾಗಿ ಆಡಿ, ಆಮೇಲೆ ಕೈಬಿಟ್ಟಿತು. 2017ರ ಡಿಸೆಂಬರಿನಲ್ಲಿ ಪ್ರಸಿದ್ಧ ಎಂಜಿನ್ 'ಸ್ಟಾಕ್‌ಫಿಶ್' ಜೊತೆಗಿನ 100 ಆಟಗಳ ಫಲಿತಾಂಶ ಹೊರಬಂತು. 28 ಗೆಲುವು, 72 ಸಮ, ಒಂದೂ ಸೋಲಿಲ್ಲ. ಆಗ ದೊಡ್ಡ ತಕರಾರು ಎದ್ದಿತು, ಸ್ಟಾಕ್‌ಫಿಶ್‌ಗೆ ಆರಂಭದ ಪುಸ್ತಕ ಕೊಟ್ಟಿರಲಿಲ್ಲ, ಇದು ನ್ಯಾಯವಲ್ಲ ಎಂದು. ನಮ್ಮ ಹುಡುಗಿಯ ತಕರಾರೇ! 2018ರಲ್ಲಿ ಇನ್ನೂ ದೊಡ್ಡ ಪರೀಕ್ಷೆ ಪ್ರಕಟವಾಯಿತು. 1,000 ಆಟಗಳಲ್ಲಿ ಆಲ್ಫಾಝೀರೋ 155 ಗೆದ್ದು 6 ಸೋತಿತು. ಒಳ್ಳೆಯ ಪುಸ್ತಕ ಕೊಟ್ಟ ಸ್ಟಾಕ್‌ಫಿಶ್ ಜೊತೆಗೂ ಬೇರೆಯಾಗಿ ಆಡಿಸಿದರು. ಪುಸ್ತಕದಿಂದ ಅದಕ್ಕೆ ಸಹಾಯವಾಯಿತು, ಕೆಲವು ಆಟ ಗೆದ್ದಿತು, ಆದರೆ ಒಟ್ಟು ಪಂದ್ಯ ಗೆಲ್ಲಲು ಅಷ್ಟು ಸಾಲಲಿಲ್ಲ.

ಈಗಿನ ಸ್ಥಿತಿ ಇನ್ನೂ ವಿಚಿತ್ರ. ಇವತ್ತಿನ ಸ್ಟಾಕ್‌ಫಿಶ್ ಒಳಗೆ ಆರಂಭದ ಪುಸ್ತಕವೇ ಇಲ್ಲ. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಾದ ಎಂಜಿನ್ ಅದು, ತಾನೇ ಲೆಕ್ಕ ಹಾಕಿ ಒಳ್ಳೆಯ ಆರಂಭ ಹುಡುಕಿಕೊಳ್ಳುತ್ತದೆ. ಎರಡು ಬಲಿಷ್ಠ ಎಂಜಿನ್‌ಗಳನ್ನು ಮಾಮೂಲಿ ಸ್ಥಿತಿಯಿಂದ ಆಡಿಸಿದರೆ ಬಹುಪಾಲು ಸಮವೇ. ಹಾಗಾಗಿ ಎಂಜಿನ್‌ಗಳ ಪಂದ್ಯಗಳಲ್ಲಿ ಪುಸ್ತಕವನ್ನು ನಡೆಸುವವರೇ ಕೊಡುತ್ತಾರೆ. ಬೇಕೆಂದೇ ಒಂದು ಪಕ್ಷಕ್ಕೆ ಕಷ್ಟವಾಗುವ ಆರಂಭಗಳನ್ನು ಆರಿಸಿ, ಒಂದೇ ಆರಂಭವನ್ನು ಎರಡು ಸಲ, ಬಣ್ಣ ಬದಲಿಸಿ ಆಡಿಸುತ್ತಾರೆ. ಒಂದು ಕಾಲಕ್ಕೆ ಬಲ ಕೊಡುತ್ತಿದ್ದ ಪುಸ್ತಕ ಈಗ ಬಲವನ್ನು ಅಳೆಯುವ ಪ್ರಶ್ನೆಪತ್ರಿಕೆಯಾಗಿದೆ. ಯಂತ್ರದ ದೃಷ್ಟಿ ಎಷ್ಟು ದೂರ ಹೋಯಿತೋ ಪುಸ್ತಕದ ಅಗತ್ಯ ಅಷ್ಟು ಹಿಂದೆ ಸರಿಯಿತು.

ಇದನ್ನೆಲ್ಲ ಹೇಳಿ ಮಕ್ಕಳಿಗೆ ಪುಸ್ತಕ ಬೇಡ ಎಂದು ನಾವು ಹೇಳಿಲ್ಲ. ಹಾಗೆ ಹೇಳುವುದು ಸುಳ್ಳು. ಮನುಷ್ಯನ ಕಣ್ಣು ಸ್ಟಾಕ್‌ಫಿಶ್‌ನಷ್ಟು ದೂರ ನೋಡುವುದಿಲ್ಲ. ಸುಲ್ತಾನ್ ಖಾನರಿಗೂ ಇಂಗ್ಲೆಂಡಿನಲ್ಲಿ ವಿಂಟರ್, ಯೇಟ್ಸ್ ಎಂಬ ಆಟಗಾರರು ಆರಂಭದ ನಡೆಗಳನ್ನು ಹೇಳಿಕೊಟ್ಟರು. ಯಾವಾಗ, ಎಷ್ಟು ಎಂಬುದಷ್ಟೇ ಪ್ರಶ್ನೆ. 2024ರಲ್ಲಿ ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಆದ ಚೆನ್ನೈನ ಗುಕೇಶ್ ಚಿಕ್ಕಂದಿನಲ್ಲಿ ಬಹುಕಾಲ ಎಂಜಿನ್ ಮುಟ್ಟದೆ ಕಲಿತರೆಂದು ಅವರ ಗುರು ವಿಷ್ಣು ಪ್ರಸನ್ನ ಹೇಳಿದ್ದಾರೆ. ಯೋಚಿಸುವುದು ಮೊದಲು, ಎಂಜಿನ್ ಆಮೇಲೆ. ಬೇರೆಯವರು ಬೇರೆ ದಾರಿಯಲ್ಲಿ ಹೋಗಿ ಗೆದ್ದದ್ದೂ ಇದೆ.

ಅವಳ ಮೊದಲ ಪ್ರಶ್ನೆಗೆ ನಾವು ಕೊಟ್ಟ ಉತ್ತರ ಇಷ್ಟು: ಆ ಹುಡುಗ ಕಾಪಿ ಹೊಡೆಯಲಿಲ್ಲ, ಮನೆಯಲ್ಲಿ ಓದಿಕೊಂಡು ಬಂದ. ಆದರೆ ಹನ್ನೊಂದನೆಯ ನಡೆಯಿಂದ ಅವನು ಹಿಂದೆ ಬಿದ್ದ, ನೀನು ಮುಂದೆ ಬಂದೆ, ಅದನ್ನೂ ನೆನಪಿಟ್ಟುಕೋ. ಅವಳು ತಲೆ ಅಲ್ಲಾಡಿಸಿದಳು, ಪೂರ್ತಿ ಒಪ್ಪಿದಂತೆ ಕಾಣಲಿಲ್ಲ.

ಈಗ ಶಾಲೆಯಲ್ಲಿ 200 ಪುಟದ ಒಂದು ಉದ್ದ ನೋಟ್‌ಬುಕ್ ಇಟ್ಟಿದ್ದೇವೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಆಡಿದ ಆಟಗಳ ಮೊದಲ ಹತ್ತು ನಡೆಗಳನ್ನು ಮಕ್ಕಳು ಅದರಲ್ಲಿ ಬರೆಯುತ್ತಾರೆ. ಯಾವ ನಡೆಗೆ ಎಷ್ಟು ಹೊತ್ತು ಹಿಡಿಯಿತು, ಯಾಕೆ ಹಾಗೆ ಆಡಿದೆ ಎಂದು ಪಕ್ಕದಲ್ಲಿ ಒಂದು ಸಾಲು. ಕಾಯಿಗಳ ಹೆಸರಿಗೆ ತಮ್ಮ ಭಾಷೆಯ ಮೊದಲ ಅಕ್ಷರ ಬಳಸಬಹುದು ಎಂದು ವಿಶ್ವ ಚೆಸ್ ಸಂಸ್ಥೆಯ ನಿಯಮದಲ್ಲೇ ಇದೆ. ಹಾಗಾಗಿ ರಾಜನಿಗೆ 'ರಾ', ಮಂತ್ರಿಗೆ 'ಮಂ', ಆನೆಗೆ 'ಆ', ಒಂಟೆಗೆ 'ಒಂ', ಕುದುರೆಗೆ 'ಕು'. ಮೊದಲ ಪುಟದಲ್ಲಿ ನಾರಾಯಣಪೇಟೆಯ ಆ ಸೋತ ಆಟವೇ ಇದೆ, ಅವಳದೇ ಕೈಬರಹದಲ್ಲಿ. ಐದು ನಿಮಿಷ ಕಳೆದ ಏಳನೆಯ ನಡೆಯ ಪಕ್ಕ 'ಇದು ಮುಂದಿನ ಸಲ ಯೋಚನೆ ಬೇಡ' ಎಂದು ಬರೆದಿದ್ದಾಳೆ. ಇಲ್ಲಿಯವರೆಗೆ ಮೂವತ್ತನಾಲ್ಕು ಪುಟ ತುಂಬಿದೆ. ಗದ್ವಾಲಿನ ಒಬ್ಬ ಶಿಕ್ಷಕ ಮಿತ್ರರು ಅದರ ಝೆರಾಕ್ಸ್ ಕೇಳಿದ್ದಾರೆ. ಈ ವಾರ ಮಕ್ತಲ್‌ಗೆ ಹೋದಾಗ ಮಾಡಿಸಿ ಕಳಿಸಬೇಕು.